ಎಲೆಯಲ್ಲಿ ಕಾಣದ ನೀಲಿ

ನೀಲಿ ಗಿಡದ ಎಲೆ ಹಸಿರು. ಹಿಸುಕಿ ನೋಡಿದರೂ ಹಸಿರೇ. ಸುಮ್ನೆ ನೀರಿಗೆ ಹಾಕಿ ಕುದಿಸಿದರೆ ಬಟ್ಟೆಗೆ ನೀಲಿ ಹತ್ತುವುದಿಲ್ಲ.

ಮೊದಲು ಎಲೆ ನೀರಿನಲ್ಲಿ ನೆನೆದು ಕೊಳೆಯಬೇಕು. ಆಗ ಎಲೆಯೊಳಗಿನ ಇಂಡಿಕನ್ ಎಂಬ ಬಣ್ಣವಿಲ್ಲದ ಪದಾರ್ಥ ಒಡೆದು ನೀರಿಗಿಳಿಯುತ್ತದೆ. ಆ ನೀರನ್ನು ಬಡಿದು ಬಡಿದು ಗಾಳಿ ಸೇರಿಸಿದರೆ ನೀಲಿ ಹುಟ್ಟಿ ತಳಕ್ಕೆ ಕೂರುತ್ತದೆ. ಒಣಗಿಸಿದರೆ ಗಟ್ಟಿ ಬಿಲ್ಲೆ. ತಮಾಷೆ ಅಂದರೆ, ಈ ಬಿಲ್ಲೆ ನೀರಿನಲ್ಲಿ ಕರಗುವುದೇ ಇಲ್ಲ! ಸುಣ್ಣವೋ ಬೂದಿನೀರೋ ಬೆರೆಸಿದ ತೊಟ್ಟಿಯಲ್ಲಿ ಮತ್ತೆ ಹುದುಗು ಬರಿಸಬೇಕು. ತೊಟ್ಟಿಯಿಂದ ಎತ್ತಿದಾಗ ಬಟ್ಟೆ ಹಳದಿ ಹಸಿರು. ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ.

ನಾರಿನ ಕತೆಯೂ ಹೀಗೆ ಕೊಳೆತ ನೀರಿನಲ್ಲೇ ಶುರು. ಅಗಸೆ, ಸೆಣಬಿನ ದಂಟುಗಳನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಅಂಟು ಕೊಳೆತು ನಾರು ಬಿಟ್ಟುಕೊಳ್ಳುತ್ತದೆ. ಹತ್ತಿಗೆ ಈ ತಾಪತ್ರಯವಿಲ್ಲ, ಅದು ಬೀಜದ ಮೇಲಿನ ಕೂದಲು. ಆದರೆ ಬಣ್ಣದ ವಿಷಯದಲ್ಲಿ ಹತ್ತಿ ಮೊಂಡು. ಉಣ್ಣೆ, ರೇಷ್ಮೆ ಹಿಡಿದಷ್ಟು ಸುಲಭವಾಗಿ ಅದು ಗಿಡದ ಬಣ್ಣ ಹಿಡಿಯುವುದಿಲ್ಲ. ಅದಕ್ಕೇ ಅಳಲೆಕಾಯಿಯ ಒಗರು, ಪಟಿಕದ ನೀರು. ಪಟಿಕ ಒಂದು ಕೈಯಲ್ಲಿ ನಾರನ್ನೂ ಇನ್ನೊಂದರಲ್ಲಿ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಕಬ್ಬಿಣದ ನೀರು ಹಾಕಿದರೆ ಅದೇ ಬಣ್ಣ ಕಪ್ಪಿಗೆ ವಾಲುತ್ತದೆ. ಜಾಸ್ತಿಯಾದರೆ ಬಟ್ಟೆಯೇ ಪಿಸಿಯುತ್ತದೆ.

ಇದನ್ನೆಲ್ಲ ಜನ ಯಾವಾಗಲೋ ಕಂಡುಕೊಂಡಿದ್ದರು. ಪೆರು ದೇಶದ ಉವಾಕಾ ಪ್ರಿಯೆಟಾದಲ್ಲಿ ಸಿಕ್ಕ ನೀಲಿ ಹತ್ತಿ ಬಟ್ಟೆಯ ಚೂರುಗಳಿಗೆ ಸುಮಾರು 6,000 ವರ್ಷ. ಮೊಹೆಂಜೊದಾರೊದ ಹತ್ತಿ ತುಂಡಿನಲ್ಲಿ ಮಂಜಿಷ್ಠದ ಜಾತಿಯ ಗಿಡದ ಬೇರಿನ ಕೆಂಪು ಸಿಕ್ಕಿದೆ.

ಆಮೇಲೆ ನೀಲಿಗೆ ರಾಜಕೀಯ ಅಂಟಿಕೊಂಡಿತು. ಯುರೋಪಿನಲ್ಲಿ ವೋಡ್ ಎಂಬ ಗಿಡದಿಂದ ನೀಲಿ ತೆಗೆಯುತ್ತಿದ್ದರು. ಭಾರತದ ನೀಲಿ ಅದಕ್ಕಿಂತ ಗಾಢ. ವೋಡ್ ಬೆಳೆಯುವವರ ಹೊಟ್ಟೆಗೆ ಹೊಡೆತ ಬೀಳುತ್ತದೆಂದು ಜರ್ಮನ್ ಸಾಮ್ರಾಜ್ಯ 1577ರಲ್ಲಿ ಅದನ್ನು ನಿಷೇಧಿಸಿತು. ಇಟ್ಟ ಹೆಸರು 'ದೆವ್ವದ ಬಣ್ಣ'. ಆದರೂ ಭಾರತದ ನೀಲಿಯೇ ಗೆದ್ದಿತು. ಗೆಲುವಿನ ಬೆಲೆ ತೆತ್ತವರು ಬೇರೆ. ಬಂಗಾಳದ ರೈತರ ಮೇಲೆ ತೋಟದ ಸಾಹೇಬರು ಸಾಲ ಹೊರಿಸಿ ನೀಲಿ ಬೆಳೆಸಿದರು. 1859ರಲ್ಲಿ ರೈತರು ತಿರುಗಿಬಿದ್ದರು.

ಆ ಹೊತ್ತಿಗಾಗಲೇ ಲಂಡನ್ನಿನಲ್ಲಿ ಒಂದು ಯಡವಟ್ಟು ನಡೆದುಹೋಗಿತ್ತು. 1856ರಲ್ಲಿ 18 ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾ ಮದ್ದು ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣ ಪಡೆದ. ಮೂಲ ಸಾಮಗ್ರಿ ಕಲ್ಲಿದ್ದಲ ಟಾರು. 1868ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞರು ಮಂಜಿಷ್ಠದ ಜಾತಿಯ ಮ್ಯಾಡರ್ ಗಿಡದ ಕೆಂಪಾದ ಅಲಿಜರಿನ್ನನ್ನು ಲ್ಯಾಬಿನಲ್ಲಿ ತಯಾರಿಸಿದರು. ಫ್ರಾನ್ಸಿನ ದಕ್ಷಿಣದಲ್ಲಿ ಆ ಗಿಡದ ಬೇಸಾಯ ಕೆಲವೇ ವರ್ಷಗಳಲ್ಲಿ ಮುಗಿದುಹೋಯಿತು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂತು.

ಗಿಡದ ನೀಲಿ ಬೇಡವಾದರೆ ರೈತ ಬಿಡುಗಡೆಯಾಗಬೇಕಿತ್ತು, ಅಲ್ವಾ? ಬಿಹಾರದ ಚಂಪಾರಣ್‌ನಲ್ಲಿ ಆದದ್ದು ಉಲ್ಟಾ. ಅಲ್ಲಿ ಪ್ರತಿ 20 ಕಟ್ಟಾ (ಅಲ್ಲಿನ ಜಮೀನಿನ ಅಳತೆ) ಜಮೀನಿನಲ್ಲಿ 3 ಕಟ್ಟಾದಲ್ಲಿ ನೀಲಿ ಬೆಳೆಯಲೇಬೇಕಿತ್ತು. ಬೇಡಿಕೆ ಕುಸಿದಾಗ ತೋಟದವರು ಆ ಷರತ್ತು ಬಿಡಲು ಗೇಣಿ ಏರಿಸಿದರು, ಹಣ ಕಿತ್ತರು. ತಮ್ಮ ನಷ್ಟವನ್ನು ರೈತರ ತಲೆಗೆ ಕಟ್ಟಿದರು. ಗಾಂಧಿ 1917ರಲ್ಲಿ ಅಲ್ಲಿಗೆ ಹೋಗಿದ್ದು ಈ ಜಗಳಕ್ಕೆ.

ಗಿಡದ ಬಣ್ಣದ ಕಡೆ ಜನ ಮತ್ತೆ ತಿರುಗಿದ್ದಕ್ಕೆ ಒಂದು ಕಾರಣ ಭಯ. ಕ್ಯಾನ್ಸರ್ ತರಬಲ್ಲ ಅಮೈನು ಎಂಬ ರಾಸಾಯನಿಕಗಳನ್ನು ಬಿಡುವ ಕೆಲವು ಅಜೋ ಎಂಬ ಕೃತಕ ಬಣ್ಣಗಳಿಗೆ ಜರ್ಮನಿ 1994ರಲ್ಲಿ ತಡೆ ಹಾಕಿತು. ಭಯ ಸರಿಯೇ. ಆದರೆ ಗಿಡದ್ದು ಎಂದಮಾತ್ರಕ್ಕೆ 'ಕೆಮಿಕಲ್ ಇಲ್ಲ' ಎಂದು ಚೀಟಿ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಪಟಿಕವೂ ಕೆಮಿಕಲ್ಲೇ. ಪಟಿಕದ ಬದಲು ಕ್ರೋಮ್ ಲೋಹದ ಲವಣ ಬಳಸಿದ್ದರೆ ತೊಟ್ಟಿಯ ನೀರು ಸೀದಾ ವಿಷ.

ಅಷ್ಟಕ್ಕೂ ಜೀನ್ಸ್‌ನ ನೀಲಿ ಇವತ್ತು ಬಹುಪಾಲು ಕಾರ್ಖಾನೆಯದು. ಅದರ ಅಣು ಮಾತ್ರ ಎಲೆಯಿಂದ ಬಂದದ್ದರ ಹಾಗೇ ಇದೆ, ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೆ ಎಲೆಯ ನೀಲಿ ಒಂಟಿಯಾಗಿ ಬರುವುದಿಲ್ಲ. ಇಂಡಿರುಬಿನ್ ಎಂಬ ಚೂರು ಕೆಂಪು ಅದರ ಬೆನ್ನಿಗೇ ಬಂದುಬಿಡುತ್ತದೆ.