ಚಿವಾವಾ ಕಚ್ಚುವ ಮುಂಚೆ ಏನು ಹೇಳುತ್ತದೆ?

ಚಿವಾವಾ ಎಂಬ ಪುಟ್ಟ ತಳಿಯ ನಾಯಿಮರಿಯನ್ನು ನನ್ನ ಕ್ಲಿನಿಕ್ಕಿಗೆ ತೋರಿಸಲು ತಂದಾಗ ನಾನು ಮೊದಲು ಅದರ ನೆತ್ತಿ ಮುಟ್ಟಿ ನೋಡುತ್ತೇನೆ. ಹಸುಗೂಸಿಗೆ ಇರುವ ಹಾಗೆ ಎಷ್ಟೋ ಮರಿಗಳಲ್ಲಿ ಅಲ್ಲೊಂದು ಮೆತ್ತನೆಯ ಜಾಗ ಸಿಗುತ್ತದೆ. ಅದನ್ನು ಮೊಲೇರಾ ಎನ್ನುತ್ತಾರೆ. ಕೆಲವು ನಾಯಿಗಳಲ್ಲಿ ಅದು ಬೆಳೆಯುತ್ತಾ ಮುಚ್ಚಿಕೊಳ್ಳುತ್ತದೆ, ಕೆಲವಲ್ಲಿ ಕೊನೆಯವರೆಗೂ ಉಳಿಯುತ್ತದೆ. ನಾಯಿ ಚುರುಕಾಗಿದ್ದರೆ ಗಾಬರಿ ಬೇಡ. ಅಲ್ಲಿ ಪೆಟ್ಟು ಬೀಳದಂತೆ ನೋಡಿಕೊಂಡರೆ ಸಾಕು.

ಈ ತಳಿಯ ಹೆಸರು ಮೆಕ್ಸಿಕೋದ ಉತ್ತರದಲ್ಲಿರುವ ಚಿವಾವಾ ರಾಜ್ಯದ್ದು. ಅಲ್ಲಿನ ಪ್ರಾಚೀನ ಟೋಲ್ಟೆಕ್ ಜನ ಸಾಕುತ್ತಿದ್ದ ಟೆಚಿಚಿ ಎಂಬ ಸಣ್ಣ ನಾಯಿಯೇ ಇದರ ಮೂಲ ಎಂದು ತಳಿಗಾರರು ಹೇಳುತ್ತಾ ಬಂದಿದ್ದಾರೆ. ಡಿಎನ್‌ಎ ಪರೀಕ್ಷಿಸಿದವರಿಗೆ ಅಮೆರಿಕ ಖಂಡದ ಹಳೆಯ ನಾಯಿಗಳ ಗುರುತು ಸ್ವಲ್ಪ ಸಿಕ್ಕಿದ್ದು ನಿಜ. ಆದರೆ ಬಹುಪಾಲು ರಕ್ತ ಯುರೋಪಿನಿಂದ ಬಂದ ನಾಯಿಗಳದ್ದು. ನಾಯಿ ತಳಿಗಳನ್ನು ದಾಖಲಿಸುವ ಅಮೆರಿಕನ್ ಕೆನಲ್ ಕ್ಲಬ್ಬಿನಲ್ಲಿ ಮೊದಲ ಚಿವಾವಾ ನೋಂದಣಿಯಾದದ್ದು 1908ರಲ್ಲಿ.

ಸೇಬಿನಂಥ ದುಂಡು ತಲೆ, ನೆಟ್ಟಗೆ ನಿಂತ ದೊಡ್ಡ ಕಿವಿ, ಅರಳಿದ ಕಣ್ಣು. ಗಿಡ್ಡ ಕೂದಲಿನವು, ಉದ್ದ ಕೂದಲಿನವು ಎರಡೂ ಇವೆ. ಆ ಕ್ಲಬ್ಬಿನ ಪ್ರಕಾರ ತೂಕ 2.7 ಕೆಜಿ ದಾಟಬಾರದು. ತೀರಾ ಸಣ್ಣ ಮರಿಗಳನ್ನು ‘ಟೀಕಪ್’ ಎಂದು ಮಾರುತ್ತಾರಲ್ಲ, ಅದು ಬೇರೆ ತಳಿಯೇನಲ್ಲ, ದಯವಿಟ್ಟು ಅದರ ಹಿಂದೆ ಹೋಗಬೇಡಿ. ಮರಿ ಸಣ್ಣದಾದಷ್ಟೂ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಒಂದು ಹೊತ್ತಿನ ಊಟ ತಪ್ಪಿದರೂ ತೂರಾಡಿ ಬೀಳಬಹುದು.

ಇನ್ನು ಸ್ವಭಾವ. ‘ತುಂಬಾ ಸಿಡುಕು ಡಾಕ್ಟ್ರೇ, ಕಚ್ಚುತ್ತೆ’ ಎನ್ನುವವರೇ ಜಾಸ್ತಿ. ಎತ್ತಿಕೊಳ್ಳುವುದು ಹೇಗೆ ತೋರಿಸಿ ಅಂತ ಕೇಳುತ್ತೇನೆ. ಮೇಲಿಂದ ಎರಡು ಕೈ ಸರ್ರನೆ ಇಳಿಯುತ್ತವೆ. ಅಷ್ಟರಲ್ಲಿ ನಾಯಿ ಕಿವಿ ಹಿಂದಕ್ಕೆ ಮಾಡಿರುತ್ತದೆ, ಮುಖ ತಿರುಗಿಸಿರುತ್ತದೆ, ತುಟಿ ನೆಕ್ಕಿರುತ್ತದೆ. ಯಾರೂ ನೋಡಿರುವುದಿಲ್ಲ. ದೊಡ್ಡ ನಾಯಿ ಗುರ್ರೆಂದರೆ ನಾವು ಹಿಂದೆ ಸರಿಯುತ್ತೇವೆ. ಇದು ಗುರ್ರೆಂದರೆ ನಕ್ಕು ಎತ್ತಿಕೊಳ್ಳುತ್ತೇವೆ, ಅಲ್ವಾ? ಹೀಗೆ ಮಾಡಿದರೆ ಗುರುಗುಟ್ಟಿ ಪ್ರಯೋಜನವಿಲ್ಲ, ಹಲ್ಲು ಹಾಕಿದರೇ ಬಿಡುತ್ತಾರೆ ಎಂದು ಅದು ಕಲಿಯುತ್ತದೆ. ನಡುಗುವುದು ಚಳಿಗೆ ಮಾತ್ರವಲ್ಲ, ಭಯಕ್ಕೂ ಹೌದು, ಖುಷಿಗೂ ಹೌದು.

ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಕಚ್ಚಲು ಶುರು ಮಾಡಿದರೆ ಬೈಯಬೇಡಿ, ತೋರಿಸಿ. ಈ ತಳಿಯಲ್ಲಿ ಮಂಡಿಚಿಪ್ಪು ಜಾರುವುದು, ಹಲ್ಲು ಹಾಳಾಗುವುದು ಸಾಮಾನ್ಯ. ನೋವಿದ್ದ ಕಡೆ ಕೈ ತಾಗಿದರೆ ಯಾವ ಪ್ರಾಣಿಯೂ ಸುಮ್ನಿರಲ್ಲ. ಶ್ವಾಸನಾಳವೂ ಮೆದು, ಹಾಗಾಗಿ ಕುತ್ತಿಗೆಪಟ್ಟಿ ಹಿಡಿದು ಎಳೆಯದೆ ಎದೆಗೆ ಸುತ್ತುವ ಪಟ್ಟಿ (ಹಾರ್ನೆಸ್) ಹಾಕಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ ಆಸರೆಯಾಗಿರಲಿ.

‘ಯಾರನ್ನೂ ಹತ್ತಿರ ಸೇರಿಸಲ್ಲ’ ಎಂದು ಮೊನ್ನೆ ಒಂದು ಚಿವಾವಾವನ್ನು ತಂದಿದ್ದರು. ತೂಕದ ಯಂತ್ರವನ್ನು ನೆಲಕ್ಕಿಟ್ಟು, ಪಕ್ಕದಲ್ಲಿ ಕೂತು, ಬೇರೆ ಕಡೆ ನೋಡುತ್ತಾ ಕಾದೆ. ಐದು ನಿಮಿಷ ಹಿಡಿಯಿತು. ಮೂಸುತ್ತಾ ಬಂದು ತಾನೇ ಹತ್ತಿ ನಿಂತಿತು. 2.1 ಕೆಜಿ.