ಕರೆಂಟ್ ಸರಿ ಇದೆ, ಹಾರ್ಟ್ ಮಾತ್ರ ಮಾತಾಡುತ್ತಿಲ್ಲ

ತುಮಕೂರಿನ ವಸಂತನರಸಾಪುರದ ಕಡೆ ಅಪ್ರೆಂಟಿಸ್ ಆಗಿ ಸೇರಿರುವ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಗೆಳೆಯರಿಗೆ ಈ ಟಿಪ್ಪಣಿ. ಮಟ್ಟ, ಒತ್ತಡ ಇತ್ಯಾದಿ ಅಳೆದು ಕರೆಂಟ್ ರೂಪದಲ್ಲಿ ಕಳಿಸುವ ಉಪಕರಣವೇ ಟ್ರಾನ್ಸ್‌ಮಿಟರ್; ಅದೇ ತಂತಿಗಳ ಮೇಲೆ ಅದರ ಜೊತೆ ಡಿಜಿಟಲ್ ಆಗಿ ಮಾತಾಡುವ ವಿಧಾನ ಹಾರ್ಟ್ (HART). ಕಮ್ಯುನಿಕೇಟರ್‌ನಲ್ಲಿ, ಅಂದರೆ ಹಾಗೆ ಮಾತಾಡಿಸುವ ಕೈ ಉಪಕರಣದಲ್ಲಿ, ಡಿವೈಸ್ ಸಿಗದಿದ್ದರೆ ಸುಮ್ನೆ ಟ್ರಾನ್ಸ್‌ಮಿಟರ್ ಬಿಚ್ಚಬೇಡಿ. ಮೊದಲು ಲೂಪ್ ನೋಡಿ, ಅಂದರೆ ಸಪ್ಲೈಯಿಂದ ಟ್ರಾನ್ಸ್‌ಮಿಟರ್‌ಗೆ ಹೋಗಿ ಬರುವ ಕರೆಂಟಿನ ಸುತ್ತು.

ಹಾರ್ಟ್‌ನಲ್ಲಿ 4-20 ಮಿಲಿ ಆಂಪಿಯರ್ ಕರೆಂಟಿನ ಮೇಲೆಯೇ ಅರ್ಧ ಮಿಲಿ ಆಂಪಿಯರ್‌ನಷ್ಟು ಏರಿಳಿತ ಕೂತಿರುತ್ತದೆ. 1200 ಹರ್ಟ್ಸ್ ಎಂದರೆ 1, 2200 ಎಂದರೆ 0. ಇದರ ಸರಾಸರಿ ಸೊನ್ನೆ, ಹಾಗಾಗಿ ರೀಡಿಂಗ್ ಕೆಡುವುದಿಲ್ಲ. ಆದರೆ ಈ ಏರಿಳಿತ ವೋಲ್ಟೇಜ್ ಆಗಿ ಸಿಗಲು ಲೂಪ್‌ನಲ್ಲಿ ರೆಸಿಸ್ಟೆನ್ಸ್ ಬೇಕು. ರೂಢಿಯಲ್ಲಿ 250 ಓಮ್ ಹಾಕುತ್ತಾರೆ. ಬೆಂಚ್ ಮೇಲೆ ಟ್ರಾನ್ಸ್‌ಮಿಟರನ್ನು ನೇರ 24 ವೋಲ್ಟ್ ಸಪ್ಲೈಗೆ ಕಟ್ಟಿದರೆ ಕರೆಂಟ್ ಬರುತ್ತದೆ, ಮಾತು ಬರಲ್ಲ. ಸಪ್ಲೈ ಆ ಸಿಗ್ನಲನ್ನು ನುಂಗಿಬಿಡುತ್ತದೆ. ಸೀರೀಸ್‌ನಲ್ಲಿ ರೆಸಿಸ್ಟರ್ ಹಾಕಿ, ಕ್ಲಿಪ್‌ಗಳನ್ನು ಟ್ರಾನ್ಸ್‌ಮಿಟರ್‌ಗೆ ಅಥವಾ ರೆಸಿಸ್ಟರ್‌ಗೆ ಹಚ್ಚಿ. ಸಪ್ಲೈಗೆ ಹಚ್ಚಿದರೆ ಪ್ರಯೋಜನವಿಲ್ಲ.

ತಲೆ ಕೆಡಿಸುವುದು ಒಮ್ಮೆ ಮಾತಾಡಿ ಒಮ್ಮೆ ಸುಮ್ಮನಾಗುವ ಟ್ರಾನ್ಸ್‌ಮಿಟರ್. ಟ್ಯಾಂಕಿನ ಮಟ್ಟ ಅಳೆಯುವ ಟ್ರಾನ್ಸ್‌ಮಿಟರ್‌ನ ಒಂದು ಲೆಕ್ಕ ನೋಡಿ. ಸಪ್ಲೈ ಸೊರಗಿ 16 ವೋಲ್ಟ್ ಆಗಿದೆ, ಟ್ರಾನ್ಸ್‌ಮಿಟರ್‌ಗೆ ಕನಿಷ್ಠ 12 ಬೇಕು ಅಂತಿಟ್ಟುಕೊಳ್ಳಿ. ಟ್ಯಾಂಕ್ ಖಾಲಿ ಇದ್ದಾಗ 4 ಮಿಲಿ ಆಂಪಿಯರ್. 250 ಓಮ್ ತಿನ್ನುವುದು 1 ವೋಲ್ಟ್, ಉಳಿದದ್ದು 15. ಆರಾಮಾಗಿ ಮಾತಾಡುತ್ತದೆ. 16 ಮಿಲಿ ಆಂಪಿಯರ್‌ಗೆ ಬಂದಾಗ ರೆಸಿಸ್ಟರ್ 4 ವೋಲ್ಟ್ ತಿಂದು 12 ಮಾತ್ರ ಉಳಿಯುತ್ತದೆ. ಅಂದರೆ ಮುಕ್ಕಾಲು ಟ್ಯಾಂಕ್ ದಾಟಿದರೆ ಮಾತು ನಿಲ್ಲುತ್ತದೆ, ರೀಡಿಂಗೂ ನಂಬುವ ಹಾಗಿರಲ್ಲ. ಬೆಳಿಗ್ಗೆ ಸರಿ ಇತ್ತು, ಸಂಜೆ ಕೆಟ್ಟಿತು ಅನ್ನುವ ದೂರು ಎಷ್ಟೋ ಸಲ ಇಷ್ಟೇ ಅಲ್ವಾ! ವೋಲ್ಟೇಜನ್ನು ಟ್ರಾನ್ಸ್‌ಮಿಟರ್ ಟರ್ಮಿನಲ್‌ನಲ್ಲೇ ಅಳೆಯಿರಿ, ಪ್ಯಾನಲ್‌ನಲ್ಲಿ ಅಲ್ಲ.

ರೆಸಿಸ್ಟೆನ್ಸ್, ವೋಲ್ಟೇಜ್ ಎರಡೂ ಸರಿ ಇದ್ದರೆ ಪೋಲಿಂಗ್ ಅಡ್ರೆಸ್ (ಡಿವೈಸನ್ನು ಕರೆಯುವ ಸಂಖ್ಯೆ) ನೋಡಿ. ಕಮ್ಯುನಿಕೇಟರ್ 0 ಮಾತ್ರ ಹುಡುಕುತ್ತಿರಬಹುದು. ಕರೆಂಟ್ 4ರಲ್ಲೇ ನಿಂತಿದ್ದರೆ ಮಲ್ಟಿಡ್ರಾಪ್‌ನಲ್ಲಿದೆಯೇ (ಒಂದೇ ಜೋಡಿ ತಂತಿಗೆ ಹಲವು ಡಿವೈಸ್ ಕಟ್ಟುವ ವಿಧಾನ) ಅಂತಲೂ ಅನುಮಾನಿಸಿ. ಮಳೆಗಾಲದಲ್ಲಿ ಜಂಕ್ಷನ್ ಬಾಕ್ಸ್ ತೆರೆದು ನೀರಿದೆಯೇ ನೋಡಿ. ಪಂಪಿನ ಡ್ರೈವ್ ಓಡುವಾಗ ಮಾತ್ರ ತೊಂದರೆ ಆದರೆ, ಸಿಗ್ನಲ್ ಕೇಬಲ್ ಮೋಟಾರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿರಬಹುದು. ಶೀಲ್ಡ್ ಒಂದೇ ತುದಿಯಲ್ಲಿ ಅರ್ತ್ ಆಗಿರಲಿ.

ರೆಸಿಸ್ಟರ್ ಸೇರಿಸಲು ಲೂಪ್ ಬಿಚ್ಚುವ ಮೊದಲು ಕಂಟ್ರೋಲ್ ರೂಮಿಗೆ ಹೇಳಿ, ಮ್ಯಾನುಯಲ್‌ಗೆ ಹಾಕಿಸಿ. ಕರೆಂಟ್ ಸೊನ್ನೆಗೆ ಬಿದ್ದರೆ ಟ್ಯಾಂಕ್ ಖಾಲಿ ಅಂದುಕೊಂಡು ಪಂಪ್ ಶುರುವಾಗಿಬಿಡಬಹುದು.