ತಂಪು ಬೇರೆ, ಶೀತ ಬೇರೆ

ವಿಜಯಪುರದ ಒಂದು ವೃದ್ಧಾಶ್ರಮದಲ್ಲಿ ಗುಳಿಗೆಗಳ ಕಪಾಟಿನ ಮೇಲೂ ಇನ್ಸುಲಿನ್ ಇರುವ ಫ್ರಿಜ್ಜಿನ ಮೇಲೂ ‘ತಂಪಾದ ಸ್ಥಳದಲ್ಲಿಡಿ’ ಎಂಬ ಒಂದೇ ಚೀಟಿಯನ್ನು ಅಂಟಿಸಿದ್ದರು. ಇಂಥ ಚೀಟಿಗಳನ್ನು ನೋಡಿ ನೋಡಿ ಸಾಕಾಗಿರುವುದರಿಂದ ಈ ಟಿಪ್ಪಣಿ.

‘ತಂಪು’ ಅಚ್ಚಗನ್ನಡದ ಪದ. ಇದರ ಮೂಲ ‘ತಣ್’. ತಣ್ಣೀರು, ತಂಗಾಳಿ, ತಣಿವು ಎಲ್ಲವೂ ಅದೇ ಬಳ್ಳಿಯವು. ಬಿಸಿಲ ಬೇಗೆ ಇಳಿದು ಜೀವಕ್ಕೆ ಹಿತವೆನಿಸುವ ಸ್ಥಿತಿಯನ್ನೇ ನಮ್ಮ ಹಿರಿಯರು ತಂಪು ಎಂದರು. ‘ಹೊಟ್ಟೆ ತಣ್ಣಗಿರಲಿ’ ಎಂದು ಹರಸಿದ ಅಜ್ಜಿಗೆ ಹೊಟ್ಟೆ ಮಂಜುಗಟ್ಟಲಿ ಎಂಬ ಆಸೆಯೇನೂ ಇರಲಿಲ್ಲ. ‘ಶೀತ’ವಾದರೋ ಸಂಸ್ಕೃತದ ‘ಶ್ಯೈ’ ಧಾತುವಿನಿಂದ ಬಂದದ್ದು, ಮತ್ತು ಆ ಧಾತುವಿನಲ್ಲಿಯೇ ಹೆಪ್ಪುಗಟ್ಟುವ ಅರ್ಥವಿದೆ. ನೆಗಡಿಗೆ ಶೀತವೆನ್ನುವ ರೂಢಿಯನ್ನು ಇಲ್ಲಿ ಬದಿಗಿಡೋಣ.

ಔಷಧಶಾಸ್ತ್ರವೂ ಇವೆರಡನ್ನು ಬೆರೆಸುವುದಿಲ್ಲ. ಔಷಧಗಳ ಗುಣಮಟ್ಟವನ್ನು ನಿಗದಿಪಡಿಸುವ ನಮ್ಮ ದೇಶದ ಅಧಿಕೃತ ಗ್ರಂಥವಾದ ಇಂಡಿಯನ್ ಫಾರ್ಮಕೋಪಿಯಾದ ಲೆಕ್ಕದಲ್ಲಿ ತಂಪು ಎಂದರೆ 8ರಿಂದ 25 ಡಿಗ್ರಿ ಸೆಲ್ಸಿಯಸ್; ಶೀತವೆಂದರೆ 8 ಡಿಗ್ರಿಯನ್ನು ಮೀರದ್ದು, ಸಾಮಾನ್ಯವಾಗಿ 2ರಿಂದ 8. ನೀರಿನ ಹರವಿಯ ಪಕ್ಕದ ಮೂಲೆ ಕೈಗೆ ತಂಪೆನಿಸಬಹುದು, ಆದರೆ ಹೊರಗೆ 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ ಆ ಮೂಲೆಯ ಉಷ್ಣಮಾಪಕವು 30ಕ್ಕಿಂತ ಕೆಳಗಿಳಿಯುತ್ತದೆಂದು ನಂಬಬಾರದು. ಇಂಥ ಕಡೆ, ಲೇಬಲ್ಲಿನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ, ತಂಪಿನಲ್ಲಿಡಬೇಕಾದುದನ್ನು ಫ್ರಿಜ್ಜಿನಲ್ಲಿಡಲು ಅವಕಾಶವಿದೆ. ಶೀತದಲ್ಲಿಡಬೇಕಾದುದನ್ನು ತಂಪಿನಲ್ಲಿ ಸಂಗ್ರಹಿಸಲು ಅಂಥ ಅವಕಾಶವಿಲ್ಲ. ಹಾಗೆಂದು ‘30 ಡಿಗ್ರಿಯೊಳಗೆ, ಒಣ ಜಾಗದಲ್ಲಿ’ ಎಂದಿರುವ ಗುಳಿಗೆಗಳನ್ನೆಲ್ಲ ಫ್ರಿಜ್ಜಿಗೆ ತುಂಬಿ ತೇವ ತಾಗಿಸುವುದು ಜಾಣತನವಲ್ಲ.

ಇನ್ನು ಕೆಲವರ ಪಾಲಿಗೆ ಶೀತವೆಂದರೆ ಫ್ರೀಜರ್. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ಮೊದಲಿನಂತೆಯೇ ಕಂಡರೂ ಅದರ ಗುಣವನ್ನು ನಂಬುವಂತಿಲ್ಲವಾದ್ದರಿಂದ ಎಸೆಯಲೇಬೇಕು. ಇನ್ನೂ ತೆರೆಯದ ಇನ್ಸುಲಿನ್ ಸೀಸೆಗೆ ಶೀತ ಬೇಕು. ಬಳಕೆಗೆ ತೆಗೆದ ಇನ್ಸುಲಿನ್ ಪೆನ್ನು (ಪೆನ್ನಿನಾಕಾರದ ಚುಚ್ಚುಮದ್ದಿನ ಸಾಧನ) ಮಾತ್ರ ಬಹುತೇಕ 30 ಡಿಗ್ರಿಯೊಳಗೆ ಸುಮಾರು 28 ದಿನ ಹೊರಗಿರಬಹುದು, ನಿಖರ ಅವಧಿಯನ್ನು ಆಯಾ ಲೇಬಲ್ಲಿನಲ್ಲಿಯೇ ನೋಡಬೇಕು. ಫ್ರಿಜ್ಜಿನ ಬಾಗಿಲಿನ ತಟ್ಟೆ, ತೆರೆದಾಗಲೆಲ್ಲ ಬಿಸಿಗಾಳಿ ತಾಗುವ ಜಾಗ. ಅಲ್ಲಿಟ್ಟ ಸೀಸೆಗೆ ಶೀತದ ಖಾತ್ರಿಯಿಲ್ಲ.

ಚೀಟಿ ಬರೆಯುವವರು ‘ತಂಪಾದ’ ಎಂಬ ಪದದ ಪಕ್ಕ ಅಂಕಿಯನ್ನೂ ಬರೆದಿದ್ದರೆ, ರಾತ್ರಿ ಪಾಳಿಯ ದಾದಿಯು ಕಪಾಟಿನ ಮುಂದೆ ನಿಂತು ಕನ್ನಡದ ಅರ್ಥ ಹುಡುಕಬೇಕಾಗುತ್ತಿರಲಿಲ್ಲ.